ನಾಲ್ಕು ಎಂಟರ ಕಪ್ಪು ಗಾಡಿ

ಬಳ್ಳಾರಿಗೆ ಬಂದು ಹದಿನೈದು ದಿನವೂ ಆಗಿರಲಿಲ್ಲ, ಗುರುತು ಪರಿಚಯವಿಲ್ಲದವರ ಮದುವೆಯಲ್ಲಿ ನನ್ನ ಕೊರಳಿಗೆ ಹಾರ ಬಿತ್ತು. ಸಿರುಗುಪ್ಪದಲ್ಲಿ ರೋಗಿಯೊಬ್ಬರ ಮನೆ ಹುಡುಕುತ್ತಿದ್ದೆ. ದಾರಿ ಕೇಳೋಣವೆಂದು ಕಲ್ಯಾಣ ಮಂಟಪವೊಂದರ ಮುಂದೆ ಕಾರು ನಿಲ್ಲಿಸಿದೆ. ಬಾಗಿಲು ತೆರೆಯುವ ಮೊದಲೇ ಇಬ್ಬರು ಓಡಿ ಬಂದರು. "ಮೇಡಂ ಬಂದ್ರು! ಹಾರ ತರ್ರಿ ಲಗೂನ!" ನಾನು ಬಾಯಿ ಬಿಡುವಷ್ಟರಲ್ಲಿ ಮುಂದಿನ ಸಾಲಿನ ಸೋಫಾದಲ್ಲಿ ಕೂತಿದ್ದೆ, ಕೈಯಲ್ಲಿ ಬಾದಾಮಿ ಹಾಲು. ಹುಡುಗಿಯ ತಂದೆ ಬಗ್ಗಿ, "ಸಾಹೇಬ್ರು ಬರ್ಲಿಲ್ಲೇನ್ರಿ?" ಎಂದು ವಿಚಾರಿಸಿದರು. ಯಾವ ಸಾಹೇಬರೆಂದು ನನಗೆ ಗೊತ್ತಿದ್ದರೆ ತಾನೆ! ತಪ್ಪಾಗಿದೆ ಎಂದರೂ ಯಾರೂ ನಂಬಲಿಲ್ಲ. ಊಟ ಮುಗಿಸಿಯೇ ಹೊರಬಿದ್ದೆ.

ಮೈಸೂರಿನಿಂದ ಬಂದ ನನ್ನ ಪಾಡಿಗೆ ನಿಮಗೆ ನಗು ಬರುತ್ತಿರಬಹುದು. ನನಗೆ ಅಂದು ನಗು ಬರಲಿಲ್ಲ. ನಾನು ಫಿಸಿಯೋಥೆರಪಿಸ್ಟ್. ಲಕ್ವ ಹೊಡೆದವರಿಗೆ, ಮಂಡಿ ಆಪರೇಷನ್ ಆದವರಿಗೆ ಮನೆಮನೆಗೆ ಹೋಗಿ ವ್ಯಾಯಾಮ ಮಾಡಿಸುವುದು ಕೆಲಸ. ಇಂದು ಕುರುಗೋಡು, ನಾಳೆ ಕರೂರು, ನಾಡಿದ್ದು ಹಚ್ಚೊಳ್ಳಿ. ಭತ್ತದ ಟ್ರ್ಯಾಕ್ಟರುಗಳ ನಡುವೆ ಆ ರಸ್ತೆಗಳಲ್ಲಿ ಓಡಾಡಲು ಎತ್ತರದ ಗಾಡಿಯೇ ಬೇಕೆಂದು ಗ್ಯಾರೇಜಿನ ಖಾಜಾ ಸಾಬರು ಹೇಳಿದರು. ಯಾರೋ ಬಳಸಿ ಮಾರಿದ ಕಪ್ಪು ಗಾಡಿಯನ್ನು ಅವರೇ ಕೊಡಿಸಿದರು. ಆನೆಯಷ್ಟು ಗಾತ್ರ, ನಂಬರಿನಲ್ಲಿ ಸಾಲಾಗಿ ನಾಲ್ಕು ಎಂಟು. ನಮ್ಮಲ್ಲಿ ಗಾಡಿ ಎಂದರೆ ಸ್ಕೂಟರು. ಇಲ್ಲಿ ಸೈಕಲ್ಲಿನಿಂದ ಲಾರಿಯವರೆಗೆ ಎಲ್ಲವೂ ಗಾಡಿಯೇ. ಆದರೆ ನಾಲ್ಕೂ ಅಂಕಿ ಒಂದೇ ಇರುವ ಕಪ್ಪು ಗಾಡಿಯಲ್ಲಿ ಗಣಿಯವರು, ಇಲ್ಲವೆ ರಾಜಕೀಯದವರು ಮಾತ್ರ ಇರಬೇಕು. ಇದು ನನಗೆ ಗೊತ್ತಿರಲಿಲ್ಲ.

ಹಾರ ಬಿದ್ದರೆ ಬೀಳಲಿ, ಬಾಡಿಗೆ ಮನೆ ಸಿಗದಿದ್ದರೆ ಏನು ಮಾಡುವುದು? ನನ್ನ ಯಜಮಾನರು ತೀರಿಕೊಂಡು ನಾಲ್ಕು ವರ್ಷ. ಒಂಬತ್ತು ವರ್ಷದ ಮಗಳು ಅನನ್ಯಾ ಮೈಸೂರಿನ ಅಕ್ಕನ ಮನೆಯಲ್ಲಿದ್ದಳು. ಶಾಲೆ ತೆರೆಯುವುದರೊಳಗೆ ಮನೆಯಾಗದಿದ್ದರೆ ಅವಳು ಇನ್ನೊಂದು ವರ್ಷ ಅಲ್ಲೇ. ಫೋನಿನಲ್ಲಿ ಅವಳ ಮಾತು ಆಗಲೇ ಚಿಕ್ಕದಾಗುತ್ತಿತ್ತು. ಊಟ ಆಯ್ತು, ಹೋಂವರ್ಕ್ ಆಯ್ತು, ಇಡ್ತೀನಿ. ಅದು ನನ್ನನ್ನು ಕೂತಲ್ಲಿ ಕೂರಲು ಬಿಡುತ್ತಿರಲಿಲ್ಲ.

ಮೊದಲ ಮನೆಯವರು ಗಾಡಿ ನೋಡಿ ಬಾಡಿಗೆ ಎರಡರಷ್ಟು ಮಾಡಿದರು. ಎರಡನೆಯವರು, "ನಿಮ್ ಕಡಿ ಮಂದಿ ದಿನಾ ಎಷ್ಟು ಬರ್ತಾರ್ರಿ?" ಎಂದು ಕೇಳಿದರು. ಮೂರನೆಯದು ಶಾಲೆಯ ಹಿಂದಿನ ಓಣಿಯ ಮನೆ. ಮಾಲೀಕರು ವೆಂಕೋಬಾಚಾರ್, ನಿವೃತ್ತ ಗುಮಾಸ್ತರು. ಮನೆ ಖಾಲಿಯಿದೆಯಾ ಎಂದು ಕೂಗಿ ಕೇಳಿದರೆ ಅವರು ಕೆಳಗಿಳಿಯುವ ತೊಂದರೆಯನ್ನೇ ತೆಗೆದುಕೊಳ್ಳಲಿಲ್ಲ. ಮಹಡಿಯಿಂದಲೇ, "ಮನಿ ಕೊಟ್ಟಾಗ್ಯದಮ್ಮ," ಎಂದರು. ಅವರ ಕೈಯ ಕೆಳಗೇ 'ಮನೆ ಬಾಡಿಗೆಗಿದೆ' ಎಂಬ ಬೋರ್ಡು ತೂಗುತ್ತಿತ್ತು.

ಖಾಜಾ ಸಾಬರ ಮುಂದೆ ಹೋಗಿ ಅಳುವುದೊಂದು ಬಾಕಿ. ಅವರು ಕೈಯಲ್ಲಿದ್ದ ಸ್ಪ್ಯಾನರು ಕೆಳಗಿಟ್ಟು ನಕ್ಕರು. "ಮೇಡಂ, ಇಲ್ಲಿ ಗಾಡಿ ನೋಡಿದ್ರ ಜಾತಕ ನೋಡ್ದಂಗ. ಬಿಳಿ ಜೀಪು ಅಂದ್ರ ಕಂತ್ರಾಟುದಾರ. ಸಣ್ಣ ಗಾಡಿ, ಕಿಟಕಿಗೆ ಪರದೆ ಅಂದ್ರ ಮಾಸ್ತರು. ಕೆಂಪು ಗಾಡಿ ಅಂದ್ರ ಹೊಸಾ ಅಳಿಯ. ನಿಮ್ಮಂಥಾ ಗಾಡ್ಯಾಗ ಹೆಣ್ಮಗಳು ಒಬ್ಬಾಕಿನ ಕುಂತ್ರ ಮಂದಿಗೆ ಲೆಕ್ಕಾನ ಹತ್ತಂಗಿಲ್ಲ." ತಮ್ಮ ಹಳೆಯ ಬೂದು ಬಣ್ಣದ ಪುಟ್ಟ ಕಾರಿನ ಕೀಲಿ ಕೊಟ್ಟು, "ಇದನ್ನ ಒಯ್ಯಿರಿ. ನಿಮ್ದು ಇಲ್ಲೇ ಇರ್ಲಿ," ಎಂದರು.

ಮೊದಲ ಸಲ ಧೂಳಿಗೆಂದು ಮುಖಕ್ಕೆ ದುಪಟ್ಟಾ ಸುತ್ತಿದ್ದೆ. ಈ ಸಲ ಅದನ್ನು ತೆಗೆದೆ, ಪುಟ್ಟ ಕಾರಿನಲ್ಲಿ ಅದೇ ಮನೆಗೆ ಹೋದೆ. ಆಚಾರ್ರು ಕೆಳಗೇ ಇಳಿದು ಬಂದರು. ಕಾಫಿ ಬಂತು. ಗಂಡನಿಲ್ಲದವಳು, ಒಬ್ಬಳೇ ಮಗಳು ಎಂದಾಗ ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡರು. ಅರ್ಧ ಗಂಟೆಯಲ್ಲಿ ಮನೆ ನನ್ನದಾಯಿತು. ಖುಷಿಯ ಜೊತೆಗೇ ನಾಚಿಕೆಯೂ ಆಯಿತು.

ಅಂದಿನಿಂದ ಆರು ವಾರ ಕಳ್ಳಿಯ ಬಾಳು. ಪುಟ್ಟ ಕಾರು ಖಾಜಾ ಸಾಬರಿಗೆ ವಾಪಸು, ಕಪ್ಪು ಗಾಡಿ ಎರಡು ಓಣಿ ಆಚೆ ಅವರ ಗ್ಯಾರೇಜಿನಲ್ಲಿ. ದಿನವೂ ಬಿಸಿಲಲ್ಲಿ ಬ್ಯಾಗು ಹೊತ್ತು ಅಲ್ಲಿಗೆ ನಡಿಗೆ. ಆಚಾರ್ರಿಗೆ ತಿಳಿದರೆ ಮನೆ ಹೋಗುತ್ತದೆ, ಮಗಳು ಬರುವುದೂ ನಿಲ್ಲುತ್ತದೆ ಎಂಬ ಪುಕುಪುಕು. ಉಳಿದಂತೆ ಊರು ಒಗ್ಗುತ್ತಿತ್ತು. ಒಗ್ಗರಣಿ ಎಂದರೆ ಸಾರಿಗೆ ಹಾಕುವುದಲ್ಲ, ಮಂಡಕ್ಕಿಯ ತಿಂಡಿ, ಜೊತೆಗೆ ಮಿರ್ಚಿ ಇರಲೇಬೇಕು ಎಂದು ಕಲಿತೆ. ತೆಲುಗಿನಲ್ಲಿ ಕಾಲು ಎತ್ತಿ, ಇಳಿಸಿ ಎಂದು ಹೇಳುವಷ್ಟು ಕಲಿತೆ.

ಒಂದು ಬುದ್ಧಿ ಮಾತ್ರ ತಡವಾಗಿ ಬಂತು. ಕುರುಗೋಡಿನಿಂದ ಬರುವಾಗ ಒಂದು ಸಂಜೆ ಬಿಳಿ ಜೀಪೊಂದು ಹಿಂದೆ ಬಿದ್ದು ಲೈಟು ಹೊಡೆಯತೊಡಗಿತು. ಕುಡಿದ ಪುಂಡರೇ ಎಂದು ನಿರ್ಧರಿಸಿ ಜೋರಾಗಿ ಓಡಿಸಿದೆ. ರೈಲ್ವೆ ಗೇಟಿನಲ್ಲಿ ಸಿಕ್ಕಿಬಿದ್ದಾಗ ಜೀಪಿನಿಂದ ಇಳಿದವರು ಸೀರೆ ಉಟ್ಟ ಹೆಂಗಸು, ಕೈಯಲ್ಲಿ ನನ್ನದೇ ಬ್ಯಾಗು. "ಹಿಂದಿನ ಬಾಗ್ಲ ತೆರದೈತಿ ನೋಡ್ರಿ. ಎಷ್ಟು ಕರದ್ರೂ ನಿಲ್ಲಸವಲ್ರಿ!" ಊರಿನವರನ್ನು ಬೈಯುತ್ತಿದ್ದ ನನ್ನ ತಲೆಯಲ್ಲೂ ಅದೇ ಜಾತಕದ ಪುಸ್ತಕವಿತ್ತು.

ಮಗಳನ್ನು ಕರೆತರಲು ಮೈಸೂರಿಗೆ ಹೋದೆ. ಅಕ್ಕನ ಅಪಾರ್ಟ್‌ಮೆಂಟಿನ ವಾಚ್‌ಮನ್ ನನ್ನನ್ನು ಎಂಟು ವರ್ಷದಿಂದ ಬಲ್ಲವನು. ಬಳ್ಳಾರಿಯ ನಂಬರು ನೋಡಿದವನೇ ಗೇಟು ಅರ್ಧ ಮುಚ್ಚಿ, "ಯಾರು ಬೇಕಿತ್ತು?" ಎಂದ. ಗಾಜು ಇಳಿಸಿದ ಮೇಲೆ ಹಲ್ಲು ಕಿರಿದ. ಅಕ್ಕ ಮಾತ್ರ ನಗಲಿಲ್ಲ.

"ಇದೇನೇ ಇದು, ರೌಡಿಗಳ ಥರ! ಆ ಊರಿನವರೆಲ್ಲ ಹೀಗೇನಾ? ಆಚೆ ನಿಲ್ಲಿಸು, ನೋಡಿದವರು ಏನಂದ್ಕೋತಾರೆ?"

"ಅಲ್ಲಿಯವರ ಬಗ್ಗೆ ನಿನಗೇನು ಗೊತ್ತು?" ಎಂದು ಕೂಗಾಡಿಬಿಟ್ಟೆ. ಅಷ್ಟು ಸಿಟ್ಟು ಎಲ್ಲಿಂದ ಬಂತೋ! ಅನನ್ಯಾ ತನ್ನ ಪೆಟ್ಟಿಗೆಯ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದಳು. "ಅಮ್ಮ, ನೀನೀಗ ಅಲ್ಲಿಯವಳಾ?" ಎಂದಳು. ಸಾಮಾನು ಎತ್ತಿಕೋ ಎಂದೆ.

ಹಾಸಿಗೆ, ಪುಸ್ತಕ, ಅವಳ ಸೈಕಲ್ಲು ಎಲ್ಲ ತುಂಬಿದ ಗಾಡಿಯನ್ನು ಗ್ಯಾರೇಜಿನಲ್ಲಿ ಬಚ್ಚಿಡುವುದು ಹೇಗೆ? ಮಗಳ ಕಣ್ಣೆದುರು ಸುಳ್ಳಾಡುವುದು ಹೇಗೆ? ಆದದ್ದಾಗಲಿ ಎಂದು ನೇರವಾಗಿ ಓಣಿಗೆ ತಿರುಗಿಸಿದೆ. ಆಚಾರ್ರು ಕಟ್ಟೆಯ ಮೇಲೆ ಪೇಪರು ಹಿಡಿದು ಕೂತಿದ್ದರು. ಇಳಿದು ಅವರ ಮುಂದೆ ಹೋಗಿ ನಿಂತೆ.

"ಆಚಾರ್ರೇ, ಈ ಗಾಡಿ ನನ್ನದೇ. ಮೊದಲ ಸಲ ಬಂದವಳೂ ನಾನೇ."

"ಗೊತ್ತದಮ್ಮ," ಎಂದರು ಪೇಪರು ಮಡಿಚುತ್ತಾ. "ಕಣ್ಣು ಮಂದ ಆಗ್ಯಾವ, ಕಿವಿ ಛಲೋ ಅವ. ನಿಮ್ಮ ಮೈಸೂರು ಮಾತು ಈ ಓಣ್ಯಾಗ ಮತ್ತ್ಯಾರು ಆಡ್ತಾರ?"

"ಮತ್ತೆ ಯಾಕೆ ಸುಮ್ಮನಿದ್ರಿ?"

"ಮೊದಲನೇ ದಿನ ಹೆದರಿದೆ, ಖರೇ. ಎರಡನೇ ದಿನ ನಿಮ್ಮ ಮ್ಯಾಲೆ ನನಗ ಅನುಮಾನ ಉಳೀಲಿಲ್ಲ. ಆದ್ರ ಓಣಿಗೆ ಹೇಳ್ಬೇಕಲ್ಲ? ಮೊದಲ ಸಣ್ಣ ಗಾಡಿ ನೋಡ್ಲಿ, ಆಮ್ಯಾಲೆ ನಿಮ್ಮನ್ನ ನೋಡ್ಲಿ ಅಂದೆ. ನೋಡ್ಯಾರ. ಇನ್ನ ಬಾಗಲ ಮುಂದನ ನಿಲ್ಲಸ್ರಿ."

ನನಗೆ ನೆಮ್ಮದಿಯಾಗಬೇಕಿತ್ತು. ಮನೆ ಉಳಿಯಿತು, ಮಗಳು ಬಂದಳು. ಆದರೆ ಮೊದಲು ಉಕ್ಕಿದ್ದು ಸಿಟ್ಟೇ. ಗೊತ್ತಿದ್ದೂ ಆರು ವಾರ ನನ್ನನ್ನು ಬಿಸಿಲಲ್ಲಿ ನಡೆಸಿದರಲ್ಲ! ಹಾಸಿಗೆ ಇಳಿಸುವಾಗ ಹೊಳೆಯಿತು, ಅಕ್ಕನ ಮೇಲೆ ಬಂದದ್ದೂ ಇಂಥದೇ ಸಿಟ್ಟು, ನಮ್ಮವರ ಮೇಲಷ್ಟೇ ಬರುವಂಥದು.

ಅಷ್ಟರಲ್ಲಿ ಎದುರು ಮನೆಯ ಅಜ್ಜಿ ಬಾಗಿಲಿಗೆ ಬಂದು ಅನನ್ಯಾಳನ್ನು ಮಾತಾಡಿಸಿದರು. "ಯಾವೂರವ್ವಾ ನಿಂದು?"

ಅನನ್ಯಾ ನನ್ನ ಮುಖ ನೋಡಿದಳು. ಆಮೇಲೆ ಬೆರಳು ಚಾಚಿ ಹೇಳಿದಳು:

"ನಾವು ಆ ಕಪ್ಪು ಗಾಡಿಯವರು."