ಯಾರ ಮನೆಯ ಚೀಲ

ಅಕ್ಕನ ಬಲಗೈ ತೋರುಬೆರಳಿನ ಗಿಣ್ಣು ಊದಿ ಗೋಲಿಯಷ್ಟು ದಪ್ಪವಾಗಿತ್ತು. ಹೊಳೆಬದಿಯ ಹಂಚಿನ ಕಾರ್ಖಾನೆ ಮುಚ್ಚುವವರೆಗೂ ಆ ಗಿಣ್ಣಿನಿಂದ ಒಂದೊಂದು ಹಂಚನ್ನೂ ಕುಟ್ಟಿ, ಸದ್ದು ಕೇಳಿ, ಬಿರುಕು ಬಿಟ್ಟದ್ದನ್ನು ಪಕ್ಕಕ್ಕಿಡುವುದು ಅವರ ಕೆಲಸ. ಕಾರ್ಖಾನೆ ಹೋಯಿತು, ಗಿಣ್ಣು ಉಳಿಯಿತು. ಹಟ್ಟಿಯಂಗಡಿ ರಸ್ತೆಯ ನಮ್ಮ ಒಣಕಸದ ಶೆಡ್ಡಿಗೆ ಇದ್ದ ಏಕೈಕ ಯಂತ್ರೋಪಕರಣ ಅದೇ.

ಶನಿವಾರ ಬೆಳಿಗ್ಗೆ ನಾವು ನಾಲ್ಕಾರು ಸ್ವಯಂಸೇವಕರು ಮನೆಮನೆಯ ಚೀಲ ಬಿಚ್ಚಿ ವಿಂಗಡಿಸುತ್ತಿದ್ದೆವು. ಎಲ್ಲರಿಗೂ ಅವರು ಅಕ್ಕ. ಪ್ಲಾಸ್ಟಿಕ್ಕನ್ನು ಬೆರಳಲ್ಲಿ ಹಿಸುಕಿ, ಕಿವಿಗೆ ಹಿಡಿದು, ಜಾತಿ ಹೇಳುತ್ತಿದ್ದರು. ಕೈಗವಸು ಕೊಟ್ಟರೆ, "ಅದ್ ಹಾಕ್ರೆ ಬೆರ್ಳಿಗೆ ಕಣ್ಣ್ ಕಾಂತಿಲ್ಲ ಮಾರಾಯ್ರೆ" ಎನ್ನುವರು. ತೊಳೆಯದ ಮೊಸರಿನ ಪ್ಲಾಸ್ಟಿಕ್ ತೊಟ್ಟೆ ಬಂದರೆ ಆ ಮನೆಯ ಬಾಗಿಲಿಗೇ ಹೋಗಿ, "ಹ್ವಾಯ್, ಮೊಸ್ರ್ ಉಳ್ದಿತ್ತ್. ಊಟಕ್ಕ್ ಬೇಕಾತ್ತೇನೋ ಅಂದೇಳಿ ತಂದೆ" ಎಂದು ಕೈಗಿಡುವರು. ಸಕ್ಕರೆ ಕಾಯಿಲೆ ಇತ್ತು. ಚಹಾ ಮಾತ್ರ ಸಿಹಿಯೇ ಬೇಕು.

ನಾನು ಕೋರ್ಟಿನ ನಿವೃತ್ತ ಗುಮಾಸ್ತ, ಶೆಡ್ಡಿನ ಸ್ವಯಂಘೋಷಿತ ಕಾರ್ಯದರ್ಶಿ. ಹಸಿರು ಶಾಯಿಯಲ್ಲಿ ಒಂದು ಶಾಸನ ಬರೆದು ಅಂಟಿಸಿದ್ದೆ: 'ಒಡೆದ ಗಾಜನ್ನು ಪ್ರತ್ಯೇಕ ಡಬ್ಬಿಯಲ್ಲಿ ನೀಡತಕ್ಕದ್ದು. ತಪ್ಪಿದವರ ಹೆಸರನ್ನು ಇಲ್ಲಿ ಪ್ರಕಟಿಸಲಾಗುವುದು.'

"ಹೆಸ್ರ್ ಬರ್ದ್ರೆ ನಾಳೆಯಿಂದ ಚೀಲವೇ ಬತ್ತಿಲ್ಲ" ಎಂದಿದ್ದರು ಅಕ್ಕ. ಕಾನೂನು ಕಾನೂನೇ ಎಂದೆ.

ಒಂದು ಶನಿವಾರ ಅಕ್ಕನ ಕೈ ಚೀಲದೊಳಗೇ ನಿಂತಿತು. ಹೊರಬಂದಾಗ ಬಲಗೈ ತೋರುಬೆರಳೂ ಪಕ್ಕದ ಬೆರಳೂ ಆಳವಾಗಿ ಕೊಯ್ದುಹೋಗಿದ್ದವು. ನಾನು ಎದ್ದು ನಿಂತು, ನ್ಯಾಯಾಲಯಕ್ಕೆ ತಕ್ಕ ಗಾಂಭೀರ್ಯದಿಂದ ಕೇಳಿದೆ: "ಯಾರ ಮನೆಯ ಚೀಲ ಇದು?"

ಆಗ ಕಂಡಿತು. ಗಾಜಿಗೆ ಸುತ್ತಿದ್ದ ಭಾನುವಾರದ ಪುರವಣಿಯ ಹಾಳೆಯನ್ನೇ ಅಕ್ಕ ಗಾಯಕ್ಕೆ ಒತ್ತಿಕೊಂಡಿದ್ದರು; ಅದರಲ್ಲಿ ಪದಬಂಧ, ಹಸಿರು ಶಾಯಿಯಲ್ಲಿ ಅರ್ಧ ತುಂಬಿದ್ದು. ಕೈಜಾರಿ ಒಡೆದ ವಾತದೆಣ್ಣೆಯ ಬಾಟಲಿಗೆ ಡಬ್ಬಿ ಹುಡುಕಲು ಬೇಸರವಾಗಿ ನಾನೇ ಸುತ್ತಿ ಹಾಕಿದ್ದೆ.

ಅಕ್ಕ ಹಾಳೆ ನೋಡಿದರು, ನನ್ನನ್ನು ನೋಡಿದರು. ಹಾಳೆಯನ್ನು ಮುದ್ದೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡರು. "ಯಾರದ್ದಾದ್ರ್ ಎಂತ? ರಕ್ತ ಬಂದದ್ದ್ ನಂಗೆ, ನಿಮ್ಗೆಂತ ಅವಸ್ರ?"

ಗಾಯ ಮಾಯಲಿಲ್ಲ. ಸಕ್ಕರೆಯ ಮೈ. ಆಸ್ಪತ್ರೆಯಲ್ಲಿ ಎರಡೂ ಬೆರಳು ತೆಗೆದರು. ಆಮೇಲೆ ಎರಡು ಶನಿವಾರ ಬಂದು ಎಡಗೈಯಲ್ಲಿ ಹಿಸುಕಿ ನೋಡಿದರು. "ಎಲ್ಲಾ ಒಂದೇ ಸದ್ದ್ ಕೇಂತ್" ಎಂದು ಎದ್ದುಹೋದವರು ಮತ್ತೆ ಬರಲಿಲ್ಲ. ನಂಜು ಮೈಗೆಲ್ಲ ಹರಡಿತು. ನಿಜ ಹೇಳಿಬಿಡಬೇಕೆಂದು ಮೂರು ಸಲ ಅವರ ಮನೆಗೆ ಹೋದೆ. ಮೂರು ಸಲವೂ ಹವಾಮಾನದ ಬಗ್ಗೆ ಸವಿಸ್ತಾರವಾಗಿ ಮಾತಾಡಿ ಬಂದೆ.

ಮಳೆಗಾಲ ಮುಗಿಯುವ ಮೊದಲೇ ತೀರಿಕೊಂಡರು.

ಹನ್ನೊಂದನೆಯ ದಿನದ ಊಟಕ್ಕೆ ಕೂತಿದ್ದಾಗ ಅವರ ಮಗಳು ನನ್ನ ಹತ್ತಿರ ಬಂದು ಕೂತಳು. "ಯಾರ್ ಮನಿ ಚೀಲ ಅಂದೇಳಿ ಅಬ್ಬೆ ಕಡೀ ತನಕ ಬಾಯಿ ಬಿಡ್ಲಿಲ್ಲ. ನೀವ್ ಅಲ್ಲೇ ಇದ್ದಿದ್ರಿ ಅಲ್ದಾ? ನಿಮ್ಗಾದ್ರೂ ಗೊತ್ತಿತ್ತಾ?"

"ಇಲ್ಲ" ಎಂದೆ.

"ಪಾಪ, ನಿಮ್ಗೂ ಬೇಜಾರ್ ಆಯ್ತ್ ಕಾಣ್ತ್" ಎಂದು ಎದ್ದು, ನನ್ನ ಎಲೆಗೆ ಇನ್ನೊಂದು ಸೌಟು ಪಾಯಸ ಬಡಿಸಿದಳು. ತಿಂದೆ.