ಹುಂಜದ ಪಬ್ಬಿನಲ್ಲಿ ಜಿಪ್ಪಕ್ಕ

ಕೋರ್ಟಿನ ಹಿಂದಿನ ಬೀದಿಯಲ್ಲಿ, ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗೆ, ಗೂಡಿನಂಥ ಅಂಗಡಿಯೊಂದಿದೆ. ಅಲ್ಲಿ ಕೂತು ಕಿತ್ತುಹೋದ ಜಿಪ್ಪು ಬದಲಾಯಿಸುವ ಹೆಂಗಸನ್ನು ಬೀದಿಯವರೆಲ್ಲ ಕರೆಯುವುದು ಜಿಪ್ಪಕ್ಕ ಎಂದೇ. ಪ್ಯಾಂಟು, ಜಾಕೀಟು, ಶಾಲೆಯ ಚೀಲ, ದಿಂಬಿನ ಗವಸು, ಏನೇ ತನ್ನಿ, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ಒಮ್ಮೆ ನೋಡುತ್ತಾಳೆ. "ಇದನ್ನ ಹೀಗೆ ಎಳೆದಾಡಿದ್ದು ಯಾರು? ಕೈಯೋ, ಇಕ್ಕಳವೋ?" ಎಂದು ಮೊದಲು ಬೈಯುತ್ತಾಳೆ, ಆಮೇಲೆ ಸರಿ ಮಾಡಿಕೊಡುತ್ತಾಳೆ. ಊರಿನ ಜಿಪ್ಪನ್ನೆಲ್ಲ ರಿಪೇರಿ ಮಾಡುವ ಈ ಮಹಾತಾಯಿ ತನ್ನ ಬಾಯಿಗೂ ಒಂದು ಹಾಕಿಕೊಳ್ಳಬಾರದಿತ್ತೇ ಎಂದು ಬೈಸಿಕೊಂಡ ಗಿರಾಕಿಗಳು ಹೊರಗೆ ಬಂದು ಗೊಣಗುವುದುಂಟು. ಮುಂದಿನ ಸಲ ಜಿಪ್ಪು ಕಿತ್ತುಹೋದಾಗ ಮತ್ತೆ ಅವಳ ಹತ್ತಿರವೇ ಬರುತ್ತಾರೆ.

ಇಂಥವಳಿಗೆ ಒಬ್ಬ ತಮ್ಮ. ಅವನಿನ್ನೂ ಚಿಕ್ಕವನಿದ್ದಾಗಲೇ ತಾಯಿ ತೀರಿಕೊಂಡಿದ್ದರಿಂದ ಅವನ ತಲೆ ಬಾಚಿದ್ದು, ಮೂಗು ಒರೆಸಿದ್ದು, ಕಿವಿ ಹಿಂಡಿದ್ದು ಎಲ್ಲ ಅಕ್ಕನೇ. ದೊಡ್ಡವನಾಗಿ ಲಿಫ್ಟು ರಿಪೇರಿ ಕಲಿತು ಬೇರೆ ಊರಿಗೆ ಹೋದ. ಅಕ್ಕ ಗಂಡನೊಡನೆ ಅಪ್ಪನ ಮನೆಯಲ್ಲೇ ಉಳಿದಳು. ಹೋದರೂ ವಾರಕ್ಕೊಮ್ಮೆ ಫೋನು, ಫೋನಿನಲ್ಲಿ ಜಗಳ, ಜಗಳದ ಕೊನೆಗೆ "ಊಟ ಆಯ್ತಾ?" ಎಲ್ಲ ನೆಟ್ಟಗೇ ಇತ್ತು.

ಅಪ್ಪ ಹೋದ ದಿನ ಮಾತ್ರ ಎಲ್ಲ ಕೆಟ್ಟಿತು. ಸುದ್ದಿ ಮುಟ್ಟಿಸಿದ್ದು ಬೆಳಿಗ್ಗೆ. ಅವನು ಬಂದದ್ದು ಅಪ್ಪನನ್ನು ಕಳಿಸಿಕೊಟ್ಟು ಎಲ್ಲರೂ ಮನೆಗೆ ಮರಳಿದ ಮೇಲೆ. ಏದುಸಿರು ಬಿಡುತ್ತಾ ಬಾಗಿಲಿಗೆ ಬಂದು, "ಅಕ್ಕಾ, ಲಿಫ್ಟಲ್ಲಿ ಜನ ಸಿಕ್ಕಿಹಾಕ್ಕೊಂಡಿದ್ರು..." ಎನ್ನುತ್ತಿದ್ದಂತೆಯೇ ಜಿಪ್ಪಕ್ಕನ ಪಿತ್ತ ನೆತ್ತಿಗೇರಿತು. ನೆಂಟರಿಷ್ಟರೆಲ್ಲ ನೋಡುತ್ತಿದ್ದರು. ಅವರೆದುರೇ, "ಬಂದ ದಾರೀಲೇ ಹೋಗು. ಇನ್ನು ಈ ಮನೆ ಮೆಟ್ಟಿಲು ಹತ್ತಬೇಡ," ಎಂದುಬಿಟ್ಟಳು. ಬೇರೆ ಯಾರಾದರೂ ಆಗಿದ್ದರೆ ಅತ್ತು ಕರೆದು ಒಳಗೆ ಬರುತ್ತಿದ್ದರು. ಇವನೂ ಅದೇ ಹೊಟ್ಟೆಯಲ್ಲಿ ಹುಟ್ಟಿದವನಲ್ಲವೇ? ತಿರುಗಿ ಹೋದ.

ಹೋದವನು ತಾನಾಗಿ ಬರಲಿ ಎಂದು ಇವಳು. ಹೋಗು ಎಂದವಳು ತಾನಾಗಿ ಕರೆಯಲಿ ಎಂದು ಅವನು. ಏಳೆಂಟು ವರ್ಷ ಹೀಗೇ ಕಳೆಯಿತು. ಬೀದಿಯಲ್ಲಿ ತಮ್ಮನ ಕೆಲಸದ ಬೂಟಿನಂಥ ಸದ್ದು ಕೇಳಿದರೆ ಜಿಪ್ಪಕ್ಕ ಹೊಲಿಗೆ ಯಂತ್ರದ ಮೇಲಿನ ಕಾಲನ್ನು ನಿಲ್ಲಿಸಿ ಕಿವಿಗೊಡುತ್ತಿದ್ದಳು. ಗಂಡ ಅದನ್ನು ನೋಡಿಯೂ ನೋಡದವನಂತೆ ಇರುತ್ತಿದ್ದ. ಆತ ಔಷಧಿ ಗೋದಾಮಿನಲ್ಲಿ ಡಬ್ಬ ಕಟ್ಟುವವನು, ಮನೆಯಲ್ಲಿ ಇಬ್ಬರ ಪಾಲಿನ ಮಾತನ್ನೂ ಹೆಂಡತಿಯೇ ಆಡುವುದರಿಂದ ಅವನಿಗೆ ಬಾಯಿ ತೆರೆಯುವ ಕಷ್ಟವಿರಲಿಲ್ಲ.

ಒಂದು ದಿನ ಚಿಕ್ಕಮ್ಮನ ಫೋನು ಬಂತು. ಅಕ್ಕತಮ್ಮಂದಿರ ಜಗಳದಲ್ಲಿ ಇಬ್ಬರ ಜೊತೆಗೂ ಮಾತು ಬಿಡದೆ ಉಳಿದವಳು ಈ ಚಿಕ್ಕಮ್ಮ ಒಬ್ಬಳೇ.

"ಕೇಳಿಸ್ಕೋ. ನಿನ್ನ ತಮ್ಮನಿಗೆ ದೂರದ ಬಂದರಿನ ಊರಿಗೆ ವರ್ಗ ಆಗಿದೆ. ನಾಳೆ ಮಧ್ಯಾಹ್ನ ನಿಮ್ಮೂರ ಸ್ಟೇಷನ್ನಲ್ಲಿ ಟ್ರೈನು ಬದಲಾಯಿಸ್ತಾನೆ. ಎರಡು ಗಂಟೆ ಬಿಡುವಿದೆಯಂತೆ. ಸ್ಟೇಷನ್ ಪಕ್ಕ ಹುಂಜದ ಪಬ್ಬು ಇದೆಯಲ್ಲ, ಅಲ್ಲಿ ಕಿಟಕಿ ಪಕ್ಕ ಕೂತಿರ್ತೀನಿ, ಅಕ್ಕ ಬಂದ್ರೆ ಬರಲಿ ಅಂದ."

"ಬಂದ್ರೆ ಬರಲಿ ಅಂದ್ನಾ? ಹಾಗಾದ್ರೆ ನಾನ್ಯಾಕೆ ಹೋಗ್ಲಿ?"

"ಹೋಗಬೇಡ. ಅಷ್ಟು ದೂರ ಹೋದ್ಮೇಲೆ ಅವನು ಈ ಕಡೆ ತಲೆ ಹಾಕಿಯೂ ಮಲಗಲ್ಲ, ಇಬ್ರೂ ಹೀಗೇ ಮುಖ ಗಂಟು ಹಾಕ್ಕೊಂಡು ಮುದುಕರಾಗಿ. ಅವನ ಈಗಿನ ನಂಬರ್ ಕೊಡ್ಲಾ?"

"ಬೇಡ. ಬೇಕಾದ್ರೆ ಅವನೇ ಮಾಡ್ತಾನೆ."

ಚಿಕ್ಕಮ್ಮ ನಿಟ್ಟುಸಿರು ಬಿಟ್ಟು ಫೋನಿಟ್ಟಳು. ತಮ್ಮನೂ ಅದೇ ಮಾತು ಆಡಿದ್ದನೆಂದು ಅವಳು ಹೇಳಲಿಲ್ಲ.

ಮಾರನೆಯ ದಿನ ಅಂಗಡಿ ಮುಚ್ಚಿ, ಇದ್ದುದರಲ್ಲಿ ಒಳ್ಳೆಯ ಕೋಟು ಹಾಕಿಕೊಂಡು ಜಿಪ್ಪಕ್ಕ ಹೊರಟಳು. ಹುಟ್ಟಿದಾಗಿನಿಂದ ಪಬ್ಬಿನ ಹೊಸಿಲು ತುಳಿದವಳಲ್ಲ. ಕೆಂಪು ಹಲಗೆಯ ಮೇಲೆ ಬಿಳಿ ಹುಂಜದ ಚಿತ್ರವಿರುವ ಆ ಪಬ್ಬುಗಳು ಊರೂರಿಗೂ ಇವೆ. ಕೆಲಸಕ್ಕೆ ಅಲೆಯುವವರಿಗೆ ಎಲ್ಲಿ ಹೋದರೂ ಅದೇ ಹಸಿರು ಸೀಟು, ಅದೇ ಹಿತ್ತಾಳೆ ದೀಪ, ಅದೇ ತಿಂಡಿ ಸಿಗುತ್ತದೆ. ಬಾಗಿಲು ತಳ್ಳಿದ್ದೇ ತಡ, ಸಂತೆಯ ಗದ್ದಲ. ಕುರ್ಚಿಗಳ ನಡುವೆ ಪೆಟ್ಟಿಗೆಗಳು, ಪೆಟ್ಟಿಗೆಗಳ ಮೇಲೆ ಮಕ್ಕಳು, ಒಂದೇ ಬಣ್ಣದ ಅಂಗಿ ತೊಟ್ಟು ಆಟ ನೋಡಲು ಹೊರಟ ಗಂಡಸರ ಹಾಡು. ಗೋಡೆಯ ಮೇಲಿನ ಪರದೆಯಲ್ಲಿ ಟ್ರೈನಿನ ಸಮಯ ಬದಲಾದಾಗಲೆಲ್ಲ ಕುಡಿಯುತ್ತಿದ್ದವರು, ತಿನ್ನುತ್ತಿದ್ದವರು, ಜಗಳವಾಡುತ್ತಿದ್ದವರು ಒಟ್ಟಿಗೇ ತಲೆ ಎತ್ತುತ್ತಿದ್ದರು, ಒಟ್ಟಿಗೇ ಇಳಿಸುತ್ತಿದ್ದರು.

ಕಿಟಕಿ ಪಕ್ಕ ತಮ್ಮನಿರಲಿಲ್ಲ. ಇನ್ನೂ ಬಂದಿಲ್ಲ, ಟ್ರೈನು ತಡವಾಗಿರಬೇಕು ಎಂದುಕೊಂಡಳು. ಆಗಷ್ಟೇ ಖಾಲಿಯಾದ ಕಿಟಕಿ ಪಕ್ಕದ ಟೇಬಲ್ಲಿಗೆ ಓಡಿಹೋಗಿ ಕೂತಳು. ಎದುರಿನ ಕುರ್ಚಿಯ ಮೇಲೆ ಕೈಚೀಲವಿಟ್ಟಳು. ಯಾರಾದರೂ ಬಂದು ಏನು ಬೇಕು ಎಂದು ಕೇಳುತ್ತಾರೆಂದು ನೆಟ್ಟಗೆ ಕೂತೇ ಕೂತಳು. ಯಾರೂ ಬರಲಿಲ್ಲ. ಕೊನೆಗೆ ಖಾಲಿ ಗ್ಲಾಸುಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಹೋಗುತ್ತಿದ್ದ ಕೆಲಸದ ಹೆಂಗಸು ಮರುಕಪಟ್ಟು ನಿಂತಳು.

"ಇಲ್ಲಿ ಯಾರೂ ಬಂದು ಕೇಳಲ್ಲ ಅಕ್ಕಾ. ಕೌಂಟರಿಗೆ ಹೋಗಿ ಟೇಬಲ್ ನಂಬರ್ ಹೇಳ್ಬೇಕು."

"ನಾನು ಎದ್ದು ಹೋದಾಗಲೇ ಅವನು ಬಂದುಬಿಟ್ರೆ?" ಎಂದಳು ಜಿಪ್ಪಕ್ಕ. ಆ ಹೆಂಗಸು ಗ್ಲಾಸುಗಳನ್ನು ಎತ್ತಿಕೊಂಡು ಮುಂದೆ ಹೋದಳು.

ಹೀಗಾಗಿ ಒಂದು ತೊಟ್ಟು ನೀರೂ ಇಲ್ಲದೆ, ಕಣ್ಣಲ್ಲಿ ಕಣ್ಣಿಟ್ಟು ಬಾಗಿಲನ್ನು ನೋಡುತ್ತಾ ಕೂತಳು. ಎದುರಿನ ಕುರ್ಚಿಯ ಮೇಲೆ ಊರಿನವರೆಲ್ಲರ ಕಣ್ಣು. "ಇದು ಖಾಲಿನಾ?" ಎಂದು ಒಬ್ಬ ಬಂದ. "ಇಲ್ಲ." ಇನ್ನೊಬ್ಬಳು ಬಂದಳು. "ಜನ ಇದಾರೆ." ಮೂರನೆಯವನು ಕೇಳುವುದನ್ನೂ ಬಿಟ್ಟು ಕುರ್ಚಿಗೆ ಕೈ ಹಾಕಿಯೇಬಿಟ್ಟ. ಜಿಪ್ಪಕ್ಕ ಅದರ ಇನ್ನೊಂದು ಕಾಲು ಹಿಡಿದು, "ಬಿಡ್ರೀ ಅದನ್ನ! ನನ್ನ ತಮ್ಮ ಬರ್ತಾನೆ!" ಎಂದು ಕೂಗಿದಳು. ನನ್ನ ತಮ್ಮ ಎನ್ನುವ ಮಾತು ಅವಳ ಬಾಯಲ್ಲಿ ಬಂದು ಎಷ್ಟು ಕಾಲವಾಗಿತ್ತೋ. ಆ ಮನುಷ್ಯ ಕುರ್ಚಿ ಬಿಟ್ಟು ಹೋದ. ಅವಳು ಕೈಚೀಲವನ್ನು ಮತ್ತೆ ಅದರ ಮೇಲಿಟ್ಟಳು.

ಮೊದಮೊದಲು ಬಂದಿದ್ದು ಕೋಪ. ನೋಡಿದೆಯಾ, ಅವತ್ತೂ ತಡ, ಇವತ್ತೂ ತಡ, ಇವನ ಹಣೆಬರಹವೇ ಇಷ್ಟು! ಬರಲಿ, ಬಂದರೆ ಚೆನ್ನಾಗಿ ಮಂಗಳಾರತಿ ಮಾಡುತ್ತೇನೆ ಎಂದುಕೊಂಡು ಬೈಗುಳಗಳನ್ನು ಸಾಲಾಗಿ ಜೋಡಿಸಿಕೊಂಡಳು. ಸಮಯ ಸರಿದಂತೆ ಆ ಸಾಲು ಒಂದೊಂದಾಗಿ ಕಳಚಿತು. ಅವನು ಬಾಗಿಲ ತನಕ ಬಂದು ನನ್ನ ಮುಖ ನೋಡಿ ಹಾಗೇ ಹಿಂದಿರುಗಿರಬಹುದೇ? ಬರುವ ಮನಸ್ಸೇ ಆಗಲಿಲ್ಲವೇನೋ. ಹೋಗು ಎಂದವಳ ಮುಂದೆ ಯಾಕೆ ಬಂದು ಕೂರಬೇಕು? ಹೊರಡುವ ಹೊತ್ತು ಹತ್ತಿರವಾದಂತೆ ಬಂದರಿನ ಊರಿಗೆ ಹೋಗುವ ಟ್ರೈನಿನ ಹೆಸರು ಪರದೆಯ ಮೇಲೆ ಕೆಳಗಿನಿಂದ ಒಂದೊಂದೇ ಸಾಲು ಮೇಲೇರುತ್ತಾ ಬಂತು. ಅಷ್ಟರಲ್ಲಿ ಮಗುವನ್ನೆತ್ತಿಕೊಂಡ ಹುಡುಗಿಯೊಬ್ಬಳು ಕುರ್ಚಿ ಖಾಲಿಯೇ ಎಂದು ಕೇಳಿದಾಗ ಜಿಪ್ಪಕ್ಕನ ಬಾಯಿಂದ ಇಲ್ಲ ಎನ್ನುವ ಮಾತು ಹೊರಡಲಿಲ್ಲ. ಕೈಚೀಲ ತೆಗೆದುಕೊಂಡಳು. ತೆಗೆದುಕೊಂಡವಳೇ ಅದರೊಳಗಿನ ಫೋನು ಹುಡುಕಿ ಚಿಕ್ಕಮ್ಮನಿಗೆ ಹಚ್ಚಿದಳು.

"ಚಿಕ್ಕಮ್ಮಾ, ಅವನು ಬರಲಿಲ್ಲ."

"ಏನಂದೆ? ಯಾರೋ ಹಾಡ್ತಿದಾರೆ, ಕೇಳಿಸಲ್ಲ!"

"ಅವನು ಬರ್ಲಿಲ್ಲಾ!" ಅವಳು ಕಿರುಚಿದ್ದಕ್ಕೆ ಹಾಡುತ್ತಿದ್ದವರೂ ನಿಲ್ಲಿಸಿದರು.

"ನಿಂಗೇನು ತಲೆ ಕೆಟ್ಟಿದೆಯಾ? ಅವನು ಈಗ ತಾನೇ ಫೋನ್ ಮಾಡಿದ್ದ, ಅಕ್ಕ ಬರಲೇ ಇಲ್ಲ ಅಂತ ಅಳೋದೊಂದು ಬಾಕಿ! ಕಿಟಕಿ ಪಕ್ಕಾನೇ ಕೂತಿದಾನಂತೆ."

"ಕಿಟಕಿ ಪಕ್ಕ ಕೂತಿರೋದು ನಾನು!"

ಗ್ಲಾಸು ಪೇರಿಸುತ್ತಿದ್ದ ಹೆಂಗಸು ಅಲ್ಲೇ ಇದ್ದಳು. ಇಡೀ ಪಬ್ಬಿಗೇ ಕೇಳಿಸಿದ ಮಾತು ಅವಳಿಗೆ ಕೇಳಿಸದೆ ಇರುತ್ತದೆಯೇ? "ಅಯ್ಯೋ ಅಕ್ಕಾ," ಎಂದು ಹಣೆ ಬಡಿದುಕೊಂಡಳು. "ಸ್ಟೇಷನ್ನಿಗೆ ಹಿಂದಿನ ಬಾಗಿಲೂ ಇದೆಯಲ್ಲ! ಅಲ್ಲೂ ನಮ್ಮದೇ ಇನ್ನೊಂದು ಪಬ್ಬಿದೆ. ಇದೇ ಥರ. ವಾರಕ್ಕೊಬ್ರಾದ್ರೂ ಹೀಗೆ ತಪ್ಪಿಸ್ಕೋತಾರೆ."

ಜಿಪ್ಪಕ್ಕನಿಗೆ ಹೋದ ಜೀವ ಬಂದಂತಾಯಿತು. ಬಂದಿದ್ದಾನೆ! ಬಂದು ಕೂತಿದ್ದಾನೆ, ತನ್ನ ಹಾಗೇ ಹಲ್ಲು ಕಡಿಯುತ್ತಾ ಕೂತಿದ್ದಾನೆ!

"ಅವನ ನಂಬರ್ ಹೇಳ್ತೀನಿ, ಬರ್ಕೋ," ಎಂದಳು ಚಿಕ್ಕಮ್ಮ.

"ನಂಬರ್ ಯಾರಿಗೆ ಬೇಕು? ಅವನನ್ನ ಅಲ್ಲೇ ಇರೋಕೆ ಹೇಳು!" ಎಂದು ಫೋನು ಕತ್ತರಿಸಿ ಓಡಿದಳು.

ಸ್ಟೇಷನ್ನಿನ ಆ ಬದಿಗೆ ಹೋಗಬೇಕೆಂದರೆ ಮೇಲ್ಸೇತುವೆ ಹತ್ತಬೇಕು. ವರ್ಷಗಟ್ಟಲೆ ಯಂತ್ರ ತುಳಿದ ಮಂಡಿಗಳು ಒಂದೊಂದು ಮೆಟ್ಟಿಲಿಗೂ ಶಪಿಸಿದವು. ಇಳಿಯುವವರ ನಡುವೆ ಮೊಣಕೈಯಿಂದ ದಾರಿ ಮಾಡಿಕೊಂಡು, ಒಬ್ಬನ ಕಾಲು ತುಳಿದು, ತಾನೇ ಅವನನ್ನು ಬೈದು, ಹಿಂದಿನ ಬಾಗಿಲಿಗೆ ಬಂದಳು. ಅದೇ ಕೆಂಪು ಹಲಗೆ, ಅದೇ ಬಿಳಿ ಹುಂಜ. ಒಳಗೆ ಅದೇ ಕಿಟಕಿ, ಅದೇ ಟೇಬಲ್ಲು. ಟೇಬಲ್ಲಿನ ಮೇಲೆ ಅರ್ಧ ಕುಡಿದ ಕಾಫಿ. ಕುರ್ಚಿಯಲ್ಲಿ ಯಾರೂ ಇಲ್ಲ.

ಪಕ್ಕದ ಟೇಬಲ್ಲು ಒರೆಸುತ್ತಿದ್ದ ಕೆಲಸದವನ ಕಡೆ ತಿರುಗಿದಳು.

"ಇಲ್ಲಿ ಕೂತಿದ್ದವರು ಎಲ್ಲಿ?"

ಅವನು ನಕ್ಕ. "ಫೋನು ಬಂತು, 'ಆ ಕಡೆನಾ!' ಅಂತ ಕೂಗಿದವರೇ ಓಡಿಹೋದ್ರು. ಪೆಟ್ಟಿಗೆ ನೋಡ್ಕೊಳ್ಳಿ ಅಂದ್ರು. ನೀವು ನೋಡ್ಕೋತೀರಾ? ನನಗೆ ಬೇರೆ ಟೇಬಲ್ಲಿದೆ."

ಅಕ್ಕ ಇನ್ನೊಂದು ಪಬ್ಬಿನಲ್ಲಿದ್ದಾಳೆ ಎಂದು ಚಿಕ್ಕಮ್ಮ ಹೇಳಿದ್ದಷ್ಟೇ ಅವನ ಕಿವಿಗೆ ಬಿದ್ದದ್ದು. ನೀನು ಅಲ್ಲೇ ಇರು ಎನ್ನುವಷ್ಟರಲ್ಲಿ ಅವನು ಬಾಗಿಲು ದಾಟಿದ್ದ. ಒಂದು ಮಾತನ್ನು ಪೂರ್ತಿ ಕೇಳುವ ಜಾಯಮಾನ ಆ ಮನೆಯಲ್ಲಿ ಯಾರಿಗಿತ್ತು?

ವಾಪಸು ಓಡಲೇ ಎಂದು ಒಂದು ಕ್ಷಣ ಅನ್ನಿಸಿತು. ಬೇಡ, ಈ ಸಲವಾದರೂ ಒಬ್ಬರು ಕೂತಿರಬೇಕು ಎಂದು ಜಿಪ್ಪಕ್ಕ ಅವನ ಕುರ್ಚಿಯಲ್ಲೇ ಕೂತು ಪೆಟ್ಟಿಗೆಯನ್ನು ಕಾಲ ಹತ್ತಿರ ಎಳೆದುಕೊಂಡಳು. ಅದರ ಜಿಪ್ಪು ಕಿತ್ತುಹೋಗಿತ್ತು. ಹಗ್ಗ ಬಿಗಿದಿದ್ದ! ಅಕ್ಕ ಊರಿಗೆಲ್ಲ ಜಿಪ್ಪು ಹಾಕುವವಳು, ತಮ್ಮನ ಪೆಟ್ಟಿಗೆಗೆ ಹಗ್ಗ. ಅವಳಿಗೆ ಅಳುವೂ ಬಂತು, "ದರಿದ್ರದವನೇ, ಎಷ್ಟು ಎಳೆದಾಡಿದೀಯೋ ಇದನ್ನ," ಎಂದು ಬೈಗುಳವೂ ಬಂತು.

ಬಾಗಿಲು ತೆರೆದುಕೊಂಡಿತು. ತಮ್ಮ ನಿಂತಿದ್ದ. ಕಿವಿಯ ಮೇಲೆ ನರೆತ ಕೂದಲು, ಮುಖವೆಲ್ಲ ಬೆವರು. ಒಂದು ಕೈಯಲ್ಲಿ ಬಾಗಿಲು ಹಿಡಿದುಕೊಂಡು ಏದುಸಿರು ಬಿಡುತ್ತಿದ್ದ. ಒಳಗೆ ಬರಬೇಕೋ ಬೇಡವೋ ಎಂದು ತಿಳಿಯದವನ ಹಾಗೆ ಅಲ್ಲೇ ನಿಂತ.

"ಬಾರೋ ಒಳಗೆ," ಎಂದಳು ಜಿಪ್ಪಕ್ಕ.

ಬಂದು ಕೂತ. "ಅಕ್ಕಾ, ಚಿಕ್ಕಮ್ಮ ಫೋನ್ ಮಾಡಿದ್ಲಾ, ನಾನು ಆ ಕಡೆ ಓಡಿದ್ನಾ, ನೋಡಿದ್ರೆ ನೀನಿಲ್ಲ, ಅಲ್ಲೊಬ್ರು ಗ್ಲಾಸು ಎತ್ತೋರು ನಿಮ್ಮಕ್ಕ ಆ ಕಡೆ ಓಡಿದ್ರು ಅಂದ್ರು, ಮತ್ತೆ ಸೇತುವೆ ಹತ್ತಿ..." ಅವನು ಹೇಳುತ್ತಲೇ ಹೋದ. ಎಲ್ಲವೂ ಅವಳಿಗೆ ಗೊತ್ತಿದ್ದದ್ದೇ. ಆದರೂ ಒಂದು ಮಾತೂ ಅಡ್ಡ ಹಾಕದೆ ಕೇಳಿದಳು. ಅಕ್ಕ ಸುಮ್ಮನಿದ್ದದ್ದು ನೋಡಿ ಅವನಿಗೇ ಗಾಬರಿಯಾಯಿತು. "ಹುಷಾರಾಗಿದೀಯಾ ತಾನೇ?" ಎಂದು ಕೇಳಿದ.

"ಅವತ್ತು ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡಿದ್ದೋರು ಯಾರೋ?" ಎಂದಳು ಅವಳು.

ಅವನು ಕಾಫಿ ಲೋಟವನ್ನು ಅತ್ತ ಇತ್ತ ಸರಿಸಿದ. "ಒಬ್ಬಳು ಬಾಣಂತಿ. ಕೂಸು ಅವಳ ಕೈಯಲ್ಲಿತ್ತು. ಆಸ್ಪತ್ರೆಯಿಂದ ಮನೆಗೆ ಹೊರಟೋರು. ಎರಡು ಮಹಡಿ ಮಧ್ಯೆ ನಿಂತುಬಿಟ್ಟಿತ್ತು. ನನ್ನ ಫೋನು ಕೆಳಗೆ ಚೀಲದಲ್ಲಿತ್ತಕ್ಕಾ. ಕೂಸನ್ನ ಹೊರಗೆ ತೆಗೆದ್ಮೇಲೆ ನೋಡಿದೆ, ಅಪ್ಪ ಹೋದ್ರು ಅಂತ." ಅವನು ಕಣ್ಣು ಒರೆಸಿಕೊಂಡ. "ನಿಂಗೆ ಹೇಳಬೇಕು ಅಂತಾನೇ ಓಡಿ ಬಂದಿದ್ದೆ."

"ನಾನು ಕೇಳಬೇಕಿತ್ತು ಕಣೋ," ಎಂದಳು ಜಿಪ್ಪಕ್ಕ. ಅತ್ತೇಬಿಟ್ಟಳು. ಎಷ್ಟೋ ವರ್ಷದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದು ಮನಸ್ಸು ಹಗುರಾಯಿತು.

ಪರದೆಯ ಮೇಲೆ ಬಂದರಿನ ಊರಿನ ಟ್ರೈನಿನ ಸಾಲು ಮಾಯವಾದದ್ದನ್ನು ಇಬ್ಬರೂ ಒಟ್ಟಿಗೇ ನೋಡಿದರು.

"ಹೋಯ್ತು," ಎಂದ ತಮ್ಮ. "ಇನ್ನು ನಾಳೆ ಬೆಳಿಗ್ಗೇನೇ." ಟೇಬಲ್ಲಿನ ಅಂಚನ್ನು ಉಗುರಿನಿಂದ ಕೆರೆದ. ಅಕ್ಕನ ಮುಖ ನೋಡದೆ, "ಇಲ್ಲೇ ಎಲ್ಲಾದ್ರೂ ಒಂದು ರೂಮು ನೋಡ್ಕೋತೀನಿ," ಎಂದ.

"ರೂಮಾ?" ಜಿಪ್ಪಕ್ಕ ಎದ್ದು ನಿಂತಳು. ಅಷ್ಟು ಹೊತ್ತು ಹಿಡಿದಿಟ್ಟ ಗಂಟಲು ಈಗ ಪೂರ್ತಿ ಬಿಚ್ಚಿಕೊಂಡಿತು. "ರೂಮಂತೆ ರೂಮು! ಅಪ್ಪನ ಮನೆ ಇಟ್ಕೊಂಡು ಊರವರ ರೂಮಲ್ಲಿ ಮಲಗ್ತಾನಂತೆ! ನಿಮ್ಮ ಭಾವ ಕೇಳಿದ್ರೆ ನಾನೇನು ಹೇಳ್ಲಿ? ಏಳೋ ಮೇಲೆ!"

ಪಬ್ಬಿನ ಜನರೆಲ್ಲ ಪರದೆ ಬಿಟ್ಟು ಇವರ ಕಡೆ ತಿರುಗಿದರು. ಅಷ್ಟು ಜನರ ಮುಂದೆ ಬೈಸಿಕೊಂಡವನಿಗೆ ನಗು ತಡೆಯಲಾಗುತ್ತಿರಲಿಲ್ಲ. ಅವನು ಕೂಡಲೇ ಎದ್ದ.