ಅಕ್ಕೋರು ಬರೆಯದ ಹೆಸರು

ನಗು ಬಂದರೆ ಅಕ್ಕೋರ ಸೆರಗು ತಾನಾಗಿ ಬಾಯಿಗೆ ಬರುತ್ತಿತ್ತು. ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಗೆರೆ, ತುಸು ಹೊತ್ತಿದ ಜೋಳದ ರೊಟ್ಟಿಯ ಕಲೆಯಂತೆ. ಯಲಬುರ್ಗಾ ಸೀಮೆಯಲ್ಲಿ ಹುಟ್ಟಿ, ಅಲ್ಲಿಯ ಬೋರಿನ ನೀರು ಕುಡಿದು ಬೆಳೆದವರು. "ನನ್ನ ಹಲ್ಲ ನನಗ ಮೊದಲನೇ ಪಾಠ ಕಲಿಸ್ಯಾವ" ಎನ್ನುತ್ತಿದ್ದರು. ದೂರದ ಊರಿನಲ್ಲಿ ಜೀವರಸಾಯನ ಶಾಸ್ತ್ರ ಓದಿ, ನೀರಿನ ಫ್ಲೋರೈಡ್ ಎಲುಬಿಗೆ ಇಳಿದು ಏನು ಮಾಡುತ್ತದೆ ಎಂಬುದರ ಬೆನ್ನು ಹತ್ತಿ, ಪಾಠ ಹೇಳಲು ಕೊಪ್ಪಳಕ್ಕೆ ಬಂದಿದ್ದರು. ರಜೆ ಸಿಕ್ಕಾಗಲೆಲ್ಲ ತಾವರಗೇರಾ ಕಡೆಯ ನಮ್ಮೂರಿಗೆ ಬರುತ್ತಿದ್ದರು. ನಮ್ಮ ಮನೆಯ ಮುಂದಿನ ಖೋಲಿಯನ್ನು ಬಾಡಿಗೆಗೆ ಹಿಡಿದಿದ್ದರು. ಗಂಡ, ಮಕ್ಕಳು ಇರಲಿಲ್ಲ.

ಬೆಳಗಾದರೆ ಮನೆ ಮನೆಗೆ ಹೋಗಿ ಸಣ್ಣ ಬಾಟಲಿಗಳಲ್ಲಿ ಮಕ್ಕಳ ಉಚ್ಚೆ ಕೂಡಿಸುವುದು ಅವರ ಕೆಲಸ. ಪ್ರತಿ ಬಾಟಲಿಗೂ ಚೀಟಿ ಅಂಟಿಸಿ, ಐಸ್ ತುಂಬಿದ ಡಬ್ಬಿಯಲ್ಲಿಟ್ಟು, ಜತನದಿಂದ ಮುಚ್ಚುತ್ತಿದ್ದರು. ಊರ ಹುಡುಗರು ಬಿಡುತ್ತಾರೆಯೇ? 'ಉಚ್ಚಿ ಅಕ್ಕೋರು' ಎಂದು ಹೆಸರಿಟ್ಟರು. ನಮ್ಮಪ್ಪನೂ ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟ: "ಇಷ್ಟೆಲ್ಲಾ ಓದಿ ಇದೇನ್ರಿ ಅಕ್ಕೋರ, ಊರ ಉಚ್ಚಿ ಕೂಡ್ಸೂದು?"

"ಅಣ್ಣಾರ, ಮೊಣಕಾಲು ಹಿಡಕೊಂಡ ಮ್ಯಾಲ ಡಾಕ್ಟರ್ ಹೇಳ್ತಾರ. ಅದಕ್ಕೂ ಎಷ್ಟೋ ವರ್ಷ ಮೊದಲ ಇದು ಹೇಳ್ತೈತಿ" ಎಂದು ಸೆರಗಿನೊಳಗೇ ನಕ್ಕರು.

ಹೀಗೆ ಮೂರು ವರ್ಷ ಕಳೆದ ಮೇಲೆ ಒಂದು ದಿನ ಊರ ಕಟ್ಟೆಯ ಮುಂದೆ ನಿಂತು, "ಈ ಬೋರಿನ ನೀರು ಬಟ್ಟಿ ಒಗಿಯಾಕ ಇರ್ಲಿ, ಕುಡಿಯಾಕ ಬ್ಯಾಡ್ರಿ. ಕೆರಿ ದಂಡಿ ಹಳೇ ಬಾವಿ ನೀರು ಕುಡೀರಿ" ಎಂದರು. ಬೋರಿಗೆ ಕೆಂಪು ಬಣ್ಣ ಬಳಿಸಿದರು. ಮರುದಿನ ಪೇಪರಿನಲ್ಲಿ ಊರಿನ ಹೆಸರು ದಪ್ಪ ಅಕ್ಷರಗಳಲ್ಲಿ ಬಂತು.

ಅದೇ ವಾರ ನನ್ನನ್ನು ನೋಡಲು ಗಂಗಾವತಿ ಕಡೆಯವರು ಬಂದರು. ಕಾಲುವೆ ನೀರಿನ ಜನ. ಉಪ್ಪಿಟ್ಟು ತಿಂದು, ಚಹಾ ಕುಡಿದು, ಗಂಡಿನ ಸೋದರತ್ತೆ "ಒಂದೀಟು ನಗವ್ವಾ" ಎಂದಳು. ನಕ್ಕೆ. ನನ್ನ ಹಲ್ಲಿನ ಮೇಲೆ ಇದ್ದದ್ದು ಒಂದೆರಡು ಗೆರೆ, ಅಷ್ಟೇ. "ನಿಮ್ಮೂರ ನೀರಿನ ಸುದ್ದಿ ಪೇಪರ್‌ನ್ಯಾಗ ಬಂದೈತಲ್ರಿ. ನಾಳೆ ಹುಟ್ಟೋ ಕೂಸಿನ ಗತಿ ಏನ್ರಿ?" ಎನ್ನುತ್ತ ಎಲ್ಲರೂ ಎದ್ದರು. ಆ ಬೇಸಿಗೆಯಲ್ಲಿ ಊರಿನ ಇನ್ನೂ ಎರಡು ಸಂಬಂಧ ಮುರಿದವು.

ಸಿಟ್ಟು ನೆತ್ತಿಗೇರಿ ಅಕ್ಕೋರ ಖೋಲಿಗೆ ನುಗ್ಗಿದೆ. "ನಿಮ್ಮನ್ನ ಯಾರೂ ಮಾಡಿಕೊಳ್ಳಲಿಲ್ಲಂತ ನಮ್ಮನ್ನೂ ಮನ್ಯಾಗ ಕುಂದ್ರಿಸಿದ್ರಿ!" ಎಂದೆ. ಆಡಬಾರದ ಮಾತು. ಆಡಿಬಿಟ್ಟೆ.

ರೊಟ್ಟಿ ಮುರಿಯುತ್ತಿದ್ದ ಅವರ ಕೈ ನಿಂತಿತು. "ನೀರಿನ ಮಾತು ಖರೆ ಐತಿ, ತಂಗಿ. ಊರ ಹೆಸರು ಪೇಪರ್‌ನವರಿಗೆ ಹೇಳಬಾರದಿತ್ತು. ಅದು ನನ್ನ ತಪ್ಪು" ಎಂದರು. ರೊಟ್ಟಿಯನ್ನು ಹಾಗೇ ಮುಚ್ಚಿಟ್ಟರು.

ಆಮೇಲೆ ಅವರೊಡನೆ ಯಾರೂ ಮಾತಾಡಲಿಲ್ಲ. ಅವರು ಬಾಟಲಿ ಹಿಡಿದು ಹೋದರೆ ಮನೆಯವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಅವ್ವ ಚಹಾ ಕೊಡುವುದನ್ನೂ ಬಿಟ್ಟಳು. ಆದರೆ ತಮಾಷೆ ನೋಡಿ, ಅಕ್ಕೋರಿಗೆ ಹಿಡಿಶಾಪ ಹಾಕುತ್ತಲೇ ಅವ್ವ ಕೊಡ ಹೊತ್ತು ಹಳೇ ಬಾವಿಗೆ ಹೋಗುತ್ತಿದ್ದಳು. ಊರ ಹೆಂಗಸರೆಲ್ಲ ಹಾಗೆಯೇ. ಶ್ರಾವಣದ ಹೊತ್ತಿಗೆ ಅಕ್ಕೋರು ಖೋಲಿ ಬಿಟ್ಟರು. ಐಸ್ ಡಬ್ಬಿಯನ್ನು ತಾವೇ ಎತ್ತಿಕೊಂಡು ಬಸ್ಸಿನ ಕಡೆ ನಡೆದರು. ನಾನು ಬಾಗಿಲ ಹಿಂದೆ ನಿಂತು ನೋಡಿದೆ. ಹೋಗಿ ಕೈಯ ಭಾರ ಇಸಕೊಳ್ಳಲಿಲ್ಲ.

ಕೊನೆಗೆ ನನ್ನನ್ನು ನಮ್ಮೂರಲ್ಲೇ ಇದ್ದ ಸೋದರಮಾವನಿಗೆ ಕೊಟ್ಟರು. ಮಗಳು ಹುಟ್ಟಿದಳು. ಇಷ್ಟು ವರ್ಷಗಳಲ್ಲಿ ಅಕ್ಕೋರಿಗೆ ಒಂದು ಕಾಗದವನ್ನೂ ಬರೆಯಲಿಲ್ಲ. ಹೋದ ವರ್ಷ ಅವರು ತೀರಿಕೊಂಡ ಸುದ್ದಿ ಕೇಳಿ ಕೊಪ್ಪಳಕ್ಕೆ ಹೋದೆ. ಬಾಡಿಗೆ ಮನೆ, ಗೋಡೆಯುದ್ದಕ್ಕೂ ಪುಸ್ತಕ, ಒಂದೇ ತಟ್ಟೆ, ಒಂದೇ ಲೋಟ. ಬಂದವರು ಬೆರಳೆಣಿಕೆಯ ಶಿಷ್ಯರು. ಅವರಲ್ಲೊಬ್ಬಳು ಒಂದು ಹಳೆಯ ಲೇಖನ ತೋರಿಸಿದಳು. ಕೆರೆ ದಂಡೆಯ ಹಳೇ ಬಾವಿಯ ಮಾತು ಕಂಡು ಗುರುತು ಹತ್ತಿತು, ಅದರ ತುಂಬ ನಮ್ಮೂರ ಮಕ್ಕಳ ಲೆಕ್ಕ. ಊರಿನ ಹೆಸರು ಇರಬೇಕಾದಲ್ಲೆಲ್ಲ 'ಊರು ಒಂದು' ಎಂದಷ್ಟೇ ಇತ್ತು.

"ಮೇಡಂ ಅವರ ಜೀವಮಾನದ ಕೆಲಸರಿ ಇದು. ದೊಡ್ಡ ವಿಜ್ಞಾನ ಪತ್ರಿಕೆಯವರು ಊರ ಹೆಸರು, ಬೋರಿನ ಜಾಗ ಕೊಟ್ರ ಹಾಕ್ತೀವಿ ಅಂದ್ರು. 'ಅಲ್ಲಿ ಹೆಣ್ಣಮಕ್ಕಳು ಅದಾರ' ಅಂತ ಇವ್ರು ಕೊಡಲೇ ಇಲ್ಲ. ಕಡೀಕ ಯಾರೂ ಓದದ ಸಣ್ಣ ಪತ್ರಿಕ್ಯಾಗ ಬಂತು. ಊರವರನ್ನ ಕೇಳದೆ ಊರ ಹೆಸರು ಬರೀಬ್ಯಾಡ್ರಿ ಅಂತ ನಮಗೂ ಕಲಿಸ್ಯಾರ. ನಾವೂ ಬರಿಯಂಗಿಲ್ಲ, ನಮ್ಮ ಶಿಷ್ಯರೂ ಬರಿಯಂಗಿಲ್ಲ" ಎಂದಳು. ಆಮೇಲೆ ಕೇಳಿದಳು: "ನೀವು ಯಾವೂರ್ರಿ?"

"ತಾವರಗೇರಾ ಕಡೆ" ಎಂದೆ.

ಅವರು ಕಾಪಾಡಿದ್ದು ಯಾವ ಊರನ್ನೆಂದು ಜನಕ್ಕೆ ತಿಳಿಯಲಿ, ಈ ಬರಹದಲ್ಲಾದರೂ ಊರಿನ ಹೆಸರು ಬರೆದು ಅವರ ಋಣ ತೀರಿಸೋಣವೆಂದು ಕುಳಿತೆ. ಒಮ್ಮೆ ಬರೆದೆ ಕೂಡ. ಬರುವ ಸೋಮವಾರ ನನ್ನ ಮಗಳನ್ನು ನೋಡಲು ಬರುತ್ತಿದ್ದಾರೆ. ಹಳೇ ಬಾವಿಯ ನೀರು ಕುಡಿದು ಬೆಳೆದ ಹುಡುಗಿ, ಬಾಯಿ ತುಂಬ ನಗುತ್ತಾಳೆ, ಸೆರಗು ಹುಡುಕುವುದಿಲ್ಲ. ಆದರೂ ಬರೆದ ಹೆಸರನ್ನು ಹೊಡೆದುಹಾಕಿದೆ. ನಿಮ್ಮ ಹೆಸರು ಬರೆದರೂ ಆ ಹಳೇ ಪೇಪರ್ ತಿರುವಿದವರಿಗೆ ನಮ್ಮೂರು ಯಾವುದೆಂದು ಗೊತ್ತಾಗಿಬಿಡುತ್ತದೆ. ಅದನ್ನೂ ಬರೆದಿಲ್ಲ, ಅಕ್ಕೋರ.